ಮಾರುತ ಹಾರಿಸಿದ ಸುರಂಜನ್ ದಾಸ್

ಪಕ್ಕದಲ್ಲಿ ಅಂಟಿಸಿರೋ ಫೋಟೋ ನಾನೇ ತೆಗೆದದ್ದು. ಬಾಲ ಬಂದಿಲ್ಲ, ಯಾರೂ ನಗಬೇಡಿ. ಮಾವನ ಕ್ಯಾಮೆರಾ ಹಿಡ್ಕೊಂಡು ಎಷ್ಟು ಹಿಂದೆ ಸರಿದರೂ ವಿಮಾನ ಪೂರ್ತಿ ಹಿಡಿಸಲಿಲ್ಲ. ಇದು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ನಿಲ್ಲಿಸಿರುವ ಹಳೆಯ ಯುದ್ಧವಿಮಾನ. ಹೆಸರು ಮಾರುತ, ಅಂದರೆ ಗಾಳಿ.

ಮಾರುತವನ್ನು ಮೊಟ್ಟಮೊದಲು ಹಾರಿಸಿದವರು ಸುರಂಜನ್ ದಾಸ್. ಅವರ ತಂದೆ ಸುಧಿ ರಂಜನ್ ದಾಸ್ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಮಗ ವಾಯುಪಡೆ ಸೇರಿ, ಹೊಸ ವಿಮಾನಗಳನ್ನು ಪರೀಕ್ಷಿಸುವ ಪೈಲಟ್ ಆದರು. ಯಾರೂ ಹಾರಿಸಿರದ ವಿಮಾನದಲ್ಲಿ ಮೊದಲು ಕೂರುವುದೇ ಅವರ ಕೆಲಸ! ಪಳಗದ ಹೋರಿಗೆ ನೊಗ ಕಟ್ಟೋಕೆ ನಮ್ಮೂರಲ್ಲಿ ನಾಲ್ಕು ಜನ ಬೇಕು. ಇವರು ಒಬ್ಬರೇ.

ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬುವರು ಮಾರುತದ ವಿನ್ಯಾಸ ಮಾಡಿದರು. ಕಟ್ಟಿದ್ದು ಬೆಂಗಳೂರಿನಲ್ಲೇ. 1961ರ ಜೂನ್ 17ರಂದು ದಾಸ್ ಅವರು ಅದನ್ನು ಮೇಲಕ್ಕೆ ಒಯ್ದು ಕ್ಷೇಮವಾಗಿ ಇಳಿಸಿದರು. 1964ರಲ್ಲಿ ಕಿರಣ್ ಎಂಬ ತರಬೇತಿ ವಿಮಾನದ ಮೊದಲ ಹಾರಾಟವೂ ಅವರದೇ.

ಆದರೆ ಮಾರುತಕ್ಕೆ ತಕ್ಕಷ್ಟು ಬಲವಾದ ಎಂಜಿನ್ ಸಿಗಲೇ ಇಲ್ಲ. ಇದ್ದ ಎಂಜಿನ್ನಿನ ಬಲವನ್ನೇ ಹೆಚ್ಚಿಸಿ ನೋಡಿದರು. ಆ ವಿಮಾನದ ಪರೀಕ್ಷೆ ಮಾಡುವಾಗಲೇ, 1970ರ ಜನವರಿ 10ರಂದು, ಬೆಂಗಳೂರಿನಲ್ಲಿ ಅಪಘಾತವಾಗಿ ದಾಸ್ ತೀರಿಕೊಂಡರು. ಮರುವರ್ಷದ ಯುದ್ಧದಲ್ಲಿ ಮಾರುತಗಳು ಹೋರಾಡಿದ್ದನ್ನು ಅವರು ನೋಡಲಿಲ್ಲ.

ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆ ಅಂತ ಇದೆ. ನಮ್ಮ ಬಸ್ಸು ಆ ದಿನ ಅದರಲ್ಲೇ ಹೋಯ್ತು. ಬೋರ್ಡು ಓದಿದೆ. ಯಾರೋ ಇರಬೇಕು ಅಂದ್ಕೊಂಡು ಕಡಲೆಕಾಯಿ ತಿಂತಾ ಕೂತಿದ್ದೆ.