ಕುದುರೆಗೆ ಮಾತು ಕೊಟ್ಟ ಅನ್ನಾ ಸೂಯೆಲ್

ಮೋಟಾರು ವಾಹನಗಳು ಹೆಚ್ಚುವ ಮೊದಲು ಮೈಸೂರು ಸೀಮೆಯ ಪ್ರಯಾಣಿಕರಿಗೆ ಜಟಕಾ ಗಾಡಿಯೇ ಆಧಾರವಾಗಿತ್ತು. ಮಂಡ್ಯ, ಮದ್ದೂರು, ಶಿವಪುರಗಳ ರಸ್ತೆಯಲ್ಲಿ ಕುದುರೆಯ ಲಾಳದ ಸದ್ದು ಕೇಳಿಬರುತ್ತಿತ್ತು. ಗಾಡಿಯವನ ಸಂಸಾರವನ್ನು ಸಲಹುತ್ತಿದ್ದುದು ಆ ಒಂದು ಪ್ರಾಣಿ. ಅದಕ್ಕೆ ಹುರುಳಿ ಎಷ್ಟು, ನೀರು ಯಾವಾಗ, ಹೊರೆ ಎಷ್ಟು ಎಂಬುದನ್ನು ಆತ ತಂದೆಯಿಂದಲೋ ಜೊತೆಗಾರರಿಂದಲೋ ಕಲಿಯಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗಾಡಿಯವರ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಅವರಿಗೆ ಪಾಠ ಹೇಳಲು ಮುಂದಾದವಳು ಸರಾಗವಾಗಿ ನಡೆಯಲಾರದ ಒಬ್ಬ ಮಹಿಳೆ.

ಅನ್ನಾ ಸೂಯೆಲ್ 1820ರ ಮಾರ್ಚ್ 30ರಂದು ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಎಂಬ ಊರಿನಲ್ಲಿ ಜನಿಸಿದಳು. ತಾಯಿ ಮೇರಿ ಮಕ್ಕಳಿಗಾಗಿ ಪದ್ಯಗಳನ್ನು ಬರೆದು ಹೆಸರಾದವಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಅನ್ನಾ ಶಾಲೆಯಿಂದ ಮರಳುವಾಗ ಜಾರಿಬಿದ್ದಳು. ಕಾಲಿನ ಗಿಣ್ಣುಗಳಿಗೆ ಬಿದ್ದ ಪೆಟ್ಟು ಜೀವಮಾನವಿಡೀ ವಾಸಿಯಾಗಲಿಲ್ಲ. ಮನೆಯಿಂದ ಹೊರಗೆ ಹೋಗಬೇಕಾದರೆ ಕುದುರೆಗಾಡಿಯೇ ಗತಿ. ತಂದೆಯನ್ನು ರೈಲು ನಿಲ್ದಾಣಕ್ಕೆ ಕರೆದೊಯ್ಯುವಾಗ ಗಾಡಿಯನ್ನು ಆಕೆಯೇ ನಡೆಸುತ್ತಿದ್ದಳು. ಲಗಾಮನ್ನು ಸಡಿಲವಾಗಿ ಹಿಡಿದು, ಮಗುವಿನೊಡನೆ ಮಾತನಾಡುವಂತೆ ಕುದುರೆಯೊಡನೆ ಮಾತನಾಡುವುದು ಆಕೆಯ ರೂಢಿ. ತನ್ನ ಕಾಲುಗಳು ಸೋತಲ್ಲಿ ಕುದುರೆಯ ಕಾಲುಗಳು ನೆರವಾದುದನ್ನು ಆಕೆ ಮರೆಯಲಿಲ್ಲ. ಹಳ್ಳಿಯ ದುಡಿಮೆಗಾರರಿಗೆ ತಾಯಿಯೊಡನೆ ಸಂಜೆಯ ಪಾಠ ಹೇಳಿದ ಅನುಭವವೂ ಆಕೆಗಿತ್ತು.

ಆ ಕಾಲದ ಸಿರಿವಂತರಲ್ಲಿ ಒಂದು ಕ್ರೂರ ಶೋಕಿ ಬೆಳೆದಿತ್ತು. ಕುದುರೆಯ ತಲೆ ಸದಾ ಗತ್ತಿನಿಂದ ಎತ್ತಿರಬೇಕೆಂದು ಅದರ ಬಾಯಿಗೆ ಮತ್ತೊಂದು ಲಗಾಮನ್ನು ಬಿಗಿದು ಬೆನ್ನಿನ ಸಜ್ಜಿಗೆ ಸಿಕ್ಕಿಸುತ್ತಿದ್ದರು. ದಿಬ್ಬ ಏರುವಾಗ ಕುದುರೆ ತಲೆ ತಗ್ಗಿಸಿ ಮೈಯ ಭಾರವನ್ನೆಲ್ಲ ಮುಂದಕ್ಕೆ ಹಾಕಬೇಕು. ತಲೆ ಕಟ್ಟಿದಾಗ ಅದು ಸಾಧ್ಯವಿಲ್ಲ. ಕತ್ತು ನೋಯುತ್ತದೆ, ಉಸಿರು ಕಟ್ಟುತ್ತದೆ. ನೋಡುವವರಿಗೆ ಮಾತ್ರ ಚೆಂದ!

1871ರಲ್ಲಿ ಅನ್ನಾ ತೀವ್ರವಾಗಿ ಅಸ್ವಸ್ಥಳಾದಳು. ಹಾಸಿಗೆಯಲ್ಲಿದ್ದೇ ‘ಬ್ಲ್ಯಾಕ್ ಬ್ಯೂಟಿ’ ಎಂಬ ಕಾದಂಬರಿಯನ್ನು ಆರಂಭಿಸಿದಳು. ಶಕ್ತಿಯಿದ್ದಾಗ ತಾನೇ ಸೀಸದಕಡ್ಡಿಯಿಂದ ಚೀಟಿಗಳ ಮೇಲೆ ಗೀಚುವಳು, ಇಲ್ಲದಾಗ ಬಾಯಲ್ಲಿ ಹೇಳುವಳು. ತಾಯಿ ಶುದ್ಧಪ್ರತಿ ಮಾಡುವಳು. ಹೀಗೆ ಆರು ವರ್ಷ ನಡೆಯಿತು. ಕತೆ ಹೇಳುವುದು ಕುದುರೆಯೇ. ಅದರ ಆತ್ಮಕತೆಯ ನಡುವೆ ಲಾಯದ ಗಾಳಿ ಬೆಳಕು, ಲಾಳ, ಕಡಿವಾಣ, ಮೇವುಗಳ ವಿಚಾರವೆಲ್ಲ ಬರುತ್ತದೆ. ಓಡಿ ಬೆವರಿದ ಕುದುರೆಗೆ ಎಳೆಯ ಹುಡುಗನೊಬ್ಬ ಒಳ್ಳೆಯ ಮನಸ್ಸಿನಿಂದಲೇ ತಣ್ಣೀರು ಕುಡಿಸುತ್ತಾನೆ, ಕಂಬಳಿ ಹೊದಿಸುವುದಿಲ್ಲ. ಕುದುರೆ ಸಾವಿನ ಅಂಚಿಗೆ ಹೋಗುತ್ತದೆ. ಕೇಡು ಬಗೆಯದವನ ಅಜ್ಞಾನವೂ ಪ್ರಾಣಕ್ಕೆ ಎರವಾಗಬಲ್ಲುದೆಂಬುದನ್ನು ತೋರಿಸುವ ಈ ಪ್ರಸಂಗವೇ ಪುಸ್ತಕದ ತಿರುಳು.

ಆದರೆ ಅನ್ನಾ ಗಾಡಿಯವರನ್ನಷ್ಟೇ ದೂರಲಿಲ್ಲ. ಬಾಡಿಗೆ ಗಾಡಿ ಹೊಡೆಯುವ ಬಡವನೊಬ್ಬ ದಿನಕ್ಕೆ 18 ಷಿಲಿಂಗ್ ಮಾಲೀಕನಿಗೆ ತೆತ್ತ ಮೇಲೆ ತನ್ನ ಗಂಜಿಗೆ ದುಡಿಯಬೇಕು. ಆತ ಕುದುರೆಯನ್ನು ಹೊಡೆಯದೆ ಮಾಡುವುದೇನು? ಮತ್ತೊಂದು ಗಾಡಿ ತೆಗೆದುಕೊಳ್ಳಲೊಪ್ಪದ ಪ್ರಯಾಣಿಕನು ಸಾಮಾನನ್ನೆಲ್ಲ ಒಂದೇ ಗಾಡಿಗೆ ಹೇರಿಸುತ್ತಾನೆ. ಕುದುರೆ ಏರಿನಲ್ಲಿ ಕುಸಿದುಬೀಳುತ್ತದೆ. ಜಟಕಾದಲ್ಲಿ ಇಕ್ಕಟ್ಟಾಗಿ ತುಂಬಿಕೊಂಡು ಬೇಗ ಹೊಡೆಯೆಂದು ಗದರಿದವರು ನಮ್ಮಲ್ಲೇನು ಕಡಿಮೆಯೇ?

ಪುಸ್ತಕವು 1877ರ ನವೆಂಬರಿನಲ್ಲಿ ನಾರಿಚ್ ನಗರದ ಜ್ಯಾರಲ್ಡ್ ಸಂಸ್ಥೆಯಿಂದ ಪ್ರಕಟವಾಯಿತು. ಅದಕ್ಕಾಗಿ ಆಕೆ ಪಡೆದುದು ಒಂದೇ ಕಂತಿನ ಅಲ್ಪ ಹಣ. ಸುಮಾರು ಐದು ತಿಂಗಳ ಬಳಿಕ, 1878ರ ಏಪ್ರಿಲ್ 25ರಂದು, ಅನ್ನಾ ತೀರಿಕೊಂಡಳು. ಶವದ ಗಾಡಿ ಮನೆಯ ಮುಂದೆ ನಿಂತಾಗ ಅದರ ಕುದುರೆಗಳಿಗೂ ಅದೇ ಬಿಗಿ ಲಗಾಮು ಹಾಕಿದ್ದುದನ್ನು ತಾಯಿ ಕಂಡಳೆಂದೂ, ಅದನ್ನು ಬಿಚ್ಚಿಸಿದ ಮೇಲೆಯೇ ಗಾಡಿಯನ್ನು ಹೊರಡಗೊಟ್ಟಳೆಂದೂ ಹೇಳುತ್ತಾರೆ.

1890ರಲ್ಲಿ ಅಮೆರಿಕದ ಬಾಸ್ಟನ್ ನಗರದ ಜಾರ್ಜ್ ಏಂಜೆಲ್ ಎಂಬ ಪ್ರಾಣಿದಯಾಪರನು ಈ ಪುಸ್ತಕವನ್ನು ಅಗ್ಗದ ಬೆಲೆಯಲ್ಲಿ ಅಚ್ಚುಹಾಕಿಸಿದನು. ಗಾಡಿ ಹೊಡೆಯುವವರಿಗೂ ಲಾಯದ ಆಳುಗಳಿಗೂ ಅದನ್ನು ಪುಕ್ಕಟೆಯಾಗಿ ಹಂಚಿಸಿದನು. ಅಕ್ಷರ ಬಲ್ಲ ಒಬ್ಬನು ಓದಿದರೆ ಸಾಕು, ಲಾಯದಲ್ಲಿ ಉಳಿದವರು ಸುತ್ತ ಕುಳಿತು ಕೇಳಬಹುದಾಗಿತ್ತು.