ಸೈತಾನ ಕಲಿಸಿದ್ದಲ್ಲ

ಗಿಟಾರ್ ಹಿಡಿದ ಮೊದಲ ತಿಂಗಳು ನನ್ನ ಎಡಗೈ ಬೆರಳ ತುದಿಗಳೆಲ್ಲ ಉರಿಯುತ್ತಿದ್ದವು. ಬ್ಲೂಸ್ ಸುಲಭ, ಮೂರೇ ಕಾರ್ಡ್ ಕಲಿತರೆ ಸಾಕು ಎಂದು ಯಾರೋ ಹೇಳಿದ್ದನ್ನು ನಂಬಿ ಶುರು ಮಾಡಿದ್ದೆ. ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಬೆರಳು ಹೋಗುವಷ್ಟರಲ್ಲಿ ತಾಳ ತಪ್ಪುತ್ತಿತ್ತು. ಮನೆಯವರು ನಕ್ಕರು. ಗಿಟಾರ್ ಮೂಲೆ ಸೇರುವುದರಲ್ಲಿತ್ತು. ಆಗ ರಾಬರ್ಟ್ ಜಾನ್ಸನ್ ಬಗ್ಗೆ ಓದಿದೆ.

ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತವನು ಎಂಬ ಕಥೆಯಿಂದಲೇ ಜಗತ್ತು ಆತನನ್ನು ಗುರುತಿಸುತ್ತದೆ. ನಿಜವಾದ ಕಥೆ ಬೇರೆ.

ಜಾನ್ಸನ್ ಹುಟ್ಟಿದ್ದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹೇಝಲ್‌ಹರ್ಸ್ಟ್‌ನಲ್ಲಿ, 1911ರ ಸುಮಾರಿಗೆ. ಗುಲಾಮಗಿರಿ 1865ರಲ್ಲೇ ರದ್ದಾಗಿದ್ದರೂ ಅಲ್ಲಿನ ಬಹುಪಾಲು ಕಪ್ಪು ಜನರಿಗೆ ಉಳಿದದ್ದು ಬಿಳಿಯರ ಹತ್ತಿ ಹೊಲದ ದುಡಿಮೆ. ಆ ಬದುಕಿನ ನೋವಿನಿಂದ ಬಂದ ಹಾಡೇ ಬ್ಲೂಸ್. ಜಾನ್ಸನ್ ಚಿಕ್ಕ ವಯಸ್ಸಿನಲ್ಲೇ ಮದುವೆಯಾದ. 1930ರಲ್ಲಿ ಆತನ ಹೆಂಡತಿ ವರ್ಜೀನಿಯಾ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ಆ ಕಾಲದಲ್ಲಿ ಸನ್ ಹೌಸ್ ಮತ್ತು ವಿಲ್ಲಿ ಬ್ರೌನ್ ಎಂಬ ಹಿರಿಯ ಕಲಾವಿದರು ರಾಬಿನ್ಸನ್‌ವಿಲ್ ಕಡೆ ನುಡಿಸುತ್ತಿದ್ದರು. ಅವರು ದಣಿವಾರಿಸಿಕೊಳ್ಳಲು ಎದ್ದು ಹೋದಾಗ ಜಾನ್ಸನ್ ಅವರ ಗಿಟಾರ್ ಎತ್ತಿಕೊಂಡು ನುಡಿಸಲು ನೋಡುತ್ತಿದ್ದ. ಜನರಿಗೆ ಅದು ಬರೀ ಗದ್ದಲವೆನಿಸುತ್ತಿತ್ತು. ಸನ್ ಹೌಸ್ ಗದರಿಸಿ ಬಿಡಿಸುತ್ತಿದ್ದರು.

ಜಾನ್ಸನ್ ಊರು ಬಿಟ್ಟು ಹುಟ್ಟೂರಿನ ಕಡೆ ಹೋದ. ಅಲ್ಲಿ ಐಕ್ ಝಿಮ್ಮರ್‌ಮನ್ ಎಂಬ ಗಿಟಾರ್ ವಾದಕರು ಆತನನ್ನು ಮನೆಯಲ್ಲೇ ಇಟ್ಟುಕೊಂಡು ಕಲಿಸಿದರು. ರಾತ್ರಿ ಗುರು ಶಿಷ್ಯರಿಬ್ಬರೂ ಹತ್ತಿರದ ಸ್ಮಶಾನಕ್ಕೆ ಹೋಗಿ ಸಮಾಧಿಗಳ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದರಂತೆ. ಮಾಟಕ್ಕಲ್ಲ; ಅಲ್ಲಿ ಸದ್ದಿರಲಿಲ್ಲ, ಯಾರ ನಿದ್ದೆಯೂ ಕೆಡುತ್ತಿರಲಿಲ್ಲ.

ಮರಳಿ ಬಂದ ಜಾನ್ಸನ್ ನುಡಿಸಿದ್ದನ್ನು ಕೇಳಿ ಸನ್ ಹೌಸ್ ಬೆರಗಾದರು. ಹೆಬ್ಬೆರಳು ಕೆಳಸ್ವರಗಳಲ್ಲಿ ತಾಳ ಹಿಡಿದರೆ ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡುತ್ತಿದ್ದವು. ಒಬ್ಬನೇ ನುಡಿಸಿದರೂ ಇಬ್ಬರು ನುಡಿಸಿದಂತೆ ಕೇಳುತ್ತಿತ್ತು. ಆ ರಾತ್ರಿಗಳನ್ನು ಕಾಣದವರು ಮುಂದೆ ಇದನ್ನು ಸೈತಾನನ ಲೆಕ್ಕಕ್ಕೆ ಬರೆದರು.

1936ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ, 1937ರಲ್ಲಿ ಡಲ್ಲಾಸ್‌ನಲ್ಲಿ ಆತನ ಧ್ವನಿಮುದ್ರಣ ನಡೆಯಿತು. ಒಟ್ಟು 29 ಹಾಡುಗಳು. 1938ರ ಆಗಸ್ಟ್ 16ರಂದು, ಸುಮಾರು 27ನೇ ವಯಸ್ಸಿನಲ್ಲಿ, ಗ್ರೀನ್‌ವುಡ್ ಬಳಿ ತೀರಿಕೊಂಡ. ಕೊನೆಗಾಲದಲ್ಲಿ ವೈದ್ಯರೂ ಸಿಗಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನ ಕಾರ್ಯಕ್ರಮಕ್ಕೆ ಆತನನ್ನು ಕರೆಸಬೇಕೆಂದಿದ್ದರು. ವೇದಿಕೆಯಲ್ಲಿ ಆತನ ರೆಕಾರ್ಡ್ ಹಾಕಿ ಕೇಳಿಸಬೇಕಾಯಿತು. 1961ರಲ್ಲಿ ಆ ಹಾಡುಗಳು ಮತ್ತೆ ಪ್ರಕಟವಾದಾಗ ಎರಿಕ್ ಕ್ಲಾಪ್ಟನ್‌ರಂಥವರು ಅವುಗಳಿಂದ ಕಲಿತರು.

ನಮ್ಮ ತರಗತಿಯಲ್ಲೂ ಹೆಚ್ಚು ಅಂಕ ತೆಗೆದವರನ್ನು ಕಂಡರೆ ಅದೃಷ್ಟ, ಹುಟ್ಟಿನಿಂದ ಬಂದ ಬುದ್ಧಿ ಎನ್ನುತ್ತೇವೆ. ನಾನೂ ಹೇಳಿದ್ದೇನೆ. ಅವರು ಎಷ್ಟು ರಾತ್ರಿ ಕೂತಿದ್ದರು ಎಂದು ಒಮ್ಮೆಯೂ ಕೇಳಿದವನಲ್ಲ. ಹೆಂಡತಿ ಮಗುವನ್ನು ಕಳೆದುಕೊಂಡು, ಜನರಿಂದ ನಗಿಸಿಕೊಂಡು, ಮತ್ತೆ ಮೊದಲಿನಿಂದ ಕಲಿತ ಒಬ್ಬ ಹುಡುಗನ ದುಡಿಮೆಯನ್ನು ಸೈತಾನನಿಗೆ ಕೊಟ್ಟುಬಿಡುವುದು ಅನ್ಯಾಯ.

ಈಗ ಇಶಾ ನಮಾಝ್ ಆದ ಮೇಲೆ ಗಿಟಾರ್ ಹಿಡಿದು ತಾರಸಿಗೆ ಹೋಗುತ್ತೇನೆ. ಎರಡು ಕಾರ್ಡ್ ತಾಳ ತಪ್ಪದೆ ಬರುತ್ತಿವೆ. ಮೂರನೆಯದು ಇನ್ನೂ ಬಾಕಿ.