ಮನೆಯೊಳಗಿನ ಆಕಾಶವಾಣಿ

ಸುರಪುರ, ಶಹಾಪುರದ ಕಡೆಯ ನಾವು ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪಿನ ಹಾಡನ್ನು ಬ್ಲೂಟೂತ್ ಸ್ಪೀಕರಿಗೆ ಕಳಿಸ್ತೀವಿ. ನಡುವೆ ಎರಡು ಗೋಡೆ ಬಂದ್ರ ಕಟ್ ಆಗ್ತದ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಇಡೀ ಊರಿಗೆ ದನಿ ಕಳಿಸಿದರು. ಎಂಜಿನಿಯರ್ ಅಲ್ಲ ಮತ್ತ! ಲಂಡನ್ನಿನಲ್ಲಿ ಓದಿ ಬಂದು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟಿನದು, ಅಂದ್ರ ಹಳೇ 40ರ ಬಲ್ಬಿಗಿಂತ ಕಮ್ಮಿ. ಭಾಷಣ, ಸಂಗೀತ ಎಲ್ಲಾ ಆ ಮನೆಯಿಂದಲೇ. ಕೈಯಿಂದ ದುಡ್ಡು ಹಾಕಿ ನಡೆಸಿದರು. ಸಂಬಳದ ಮೇಷ್ಟ್ರು, ಎಷ್ಟು ದಿನ ತಡೆದಾರು? ಕೆಲ ವರ್ಷಗಳ ನಂತರ ನಿಲಯ ಮೈಸೂರು ಸರ್ಕಾರದ ಕೈಗೆ ಹೋಯಿತು. ‘ಆಕಾಶವಾಣಿ’ ಅನ್ನೋ ಹೆಸರು ಮಾತ್ರ ಅಲ್ಲಿಂದ ಹೊರಟು ದೇಶದ ರೇಡಿಯೋಗೆಲ್ಲ ಅಂಟಿಕೊಂಡಿತು. ಯಾದಗಿರಿಯ ನಮ್ಮ ಮನೆಗಳಲ್ಲಿ ಹಿರಿಯರು ಕಲಬುರಗಿ ಕೇಂದ್ರ ಹಚ್ಚಿದಾಗ ಕೇಳೋದೂ ಅದೇ ಹೆಸರು.